ಸ್ವಾಮಿ, ಸೋಮವಾರದಿಂದ ಶುರು

ನಾಗಸಂದ್ರದಿಂದ ಮಾದಾವರಕ್ಕೆ ಮೂರು ಚಿಲ್ಲರೆ ಕಿಲೋಮೀಟರ್. ದಾರಿಯಲ್ಲಿ ನಿಂತು ಒಂದು ಟೀ ಕುಡಿದು, ಇನ್ನೊಬ್ಬರ ಮನೆ ವಿಚಾರ ಮಾತಾಡಿಕೊಂಡು ನಡೆದರೂ ಒಂದು ಗಂಟೆಯೊಳಗೆ ಮುಟ್ಟಬಹುದು. ಅಷ್ಟು ದೂರಕ್ಕೆ ಮೆಟ್ರೋ ಹಾಕುವ ಕೆಲಸ 2017ರಲ್ಲಿ ಶುರುವಾಯಿತು, ರೈಲು ಓಡಿದ್ದು 2024ರ ನವೆಂಬರ್ 7ಕ್ಕೆ. ಇದರಿಂದ ಟಿ. ದಾಸರಹಳ್ಳಿಯವರಿಗೆ ಆದ ಉಪಕಾರ ಅಷ್ಟಿಷ್ಟಲ್ಲ. "ಏನ್ರೀ, ಇಂಗ್ಲಿಷ್ ಕಲೀತೀನಿ ಅಂತ ಪುಸ್ತಕ ತಗೊಂಡಿದ್ರಲ್ಲ, ಎಲ್ಲಿಗೆ ಬಂತು?" ಎಂದು ಯಾರಾದರೂ ಕೆಣಕಿದರೆ ತುಮಕೂರು ರಸ್ತೆಯ ಪಿಲ್ಲರುಗಳ ಕಡೆ ಕೈ ತೋರಿಸಿ "ಕಾಮಗಾರಿ ಪ್ರಗತಿಯಲ್ಲಿದೆ" ಎಂದುಬಿಡುತ್ತಿದ್ದೆವು. ಏಳು ವರ್ಷ ಹಾಗೇ ಕಳೆಯಿತು. ಪೀಣ್ಯದ ಮೇಲ್ಸೇತುವೆಯದು ಇನ್ನೊಂದು ಪುರಾಣ. 2010ರಲ್ಲಿ ತೆರೆದದ್ದು, ಕೇಬಲ್ ತೊಂದರೆಯಿಂದ 2021ರ ಡಿಸೆಂಬರ್ ಕೊನೆಗೆ ಮುಚ್ಚಿಕೊಂಡಿತು. ಎರಡು ತಿಂಗಳ ಮೇಲೆ ಕಾರು, ಬೈಕುಗಳನ್ನು ಬಿಟ್ಟುಕೊಂಡಿತು, ಲಾರಿ ಬಸ್ಸುಗಳನ್ನು 2024ರವರೆಗೆ ಕಾಯಿಸಿತು. ಕಬ್ಬಿಣ, ಕಾಂಕ್ರೀಟಿಗೇ ನಡುವಯಸ್ಸಿನಲ್ಲಿ ಬೇಜಾರು ಬರುವಾಗ ಹುಳಿಯನ್ನ ತಿಂದ ನಾವು ಯಾವ ಲೆಕ್ಕ?

ಹಾಗಂತ ನಮ್ಮಲ್ಲಿ ಗುರಿಗಳಿಗೇನೂ ಬರವಿಲ್ಲ. ಪೀಣ್ಯದ ಮಗ್ಗುಲಲ್ಲೇ ಇರುವ ಊರಿದು. ಏಷ್ಯಾದ ದೊಡ್ಡ ಕೈಗಾರಿಕಾ ವಸಾಹತುಗಳಲ್ಲಿ ಅದೂ ಒಂದು ಎಂದು ಹೆಸರು. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತೇ 'ಟಾರ್ಗೆಟ್'. ಲೈನಿನ ತುದಿಯಲ್ಲಿ ಒಂದು ಬೋರ್ಡು ಇರುತ್ತದೆ. ಗಂಟೆಗೆ ಎಷ್ಟು ಪೀಸು ಆಗಬೇಕಿತ್ತು, ಎಷ್ಟು ಆಯಿತು ಅಂತ ಸೂಪರ್‌ವೈಸರು ಬರೆಯುತ್ತಾ ಹೋಗುತ್ತಾನೆ. ಕಡಿಮೆ ಬಿದ್ದ ಗಂಟೆಗೆ ಅವನ ಕೂಗು ಮೂರು ಲೈನಿಗೆ ಕೇಳುತ್ತದೆ. "ನಿನ್ನೊಳಗಿನ ಕಿಚ್ಚನ್ನು ಎಬ್ಬಿಸು" ಎಂದು ಅಲ್ಲಿ ಯಾರೂ ಭಾಷಣ ಮಾಡುವುದಿಲ್ಲ. ಕಾಲರು ಹೊಲಿಯುವವಳು ಕೈ ನಿಲ್ಲಿಸಿದರೆ ಹಿಂದಿನವಳ ಮುಂದೆ ಬಟ್ಟೆ ಗುಡ್ಡೆಯಾಗುತ್ತದೆ, ಮುಂದಿನವಳು ಖಾಲಿ ಕೂತು ತಿರುಗಿ ನೋಡುತ್ತಾಳೆ. ಆ ನೋಟವೇ ಸಾಕು.

ಕಿಚ್ಚು ಬೇಕಾಗುವುದು ಮನೆಗೆ ಬಂದ ಮೇಲೆ. ನಮ್ಮ ಮೇಲಿನ ಮನೆಯ ಲೇತ್ ಆಪರೇಟರ್ ಹುಡುಗನನ್ನೇ ನೋಡಿ. ಡಿಪ್ಲೊಮಾದಲ್ಲಿ ಉಳಿಸಿಕೊಂಡ ಎರಡು ಸಬ್ಜೆಕ್ಟ್ ಪಾಸು ಮಾಡಬೇಕು, ಸಿಎನ್‌ಸಿ ಪ್ರೋಗ್ರಾಮಿಂಗ್ ಕಲಿಯಬೇಕು, ಸಿಗರೇಟು ಬಿಡಬೇಕು, ಹೊಟ್ಟೆ ಇಳಿಸಬೇಕು. ನಾಲ್ಕಕ್ಕೂ ಮುಹೂರ್ತ ಒಂದೇ, ಸೋಮವಾರ. ರಾತ್ರಿ ಒಂದರವರೆಗೆ ಮೊಬೈಲಿನಲ್ಲಿ 'ಬೆಳಗ್ಗೆ ನಾಲ್ಕಕ್ಕೆ ಏಳುವುದು ಹೇಗೆ' ಎಂಬ ವಿಡಿಯೊ ನೋಡುತ್ತಾನೆ. ಅದರಲ್ಲಿ ಕೋಟು ಹಾಕಿದ ಒಬ್ಬ ಮಹಾಶಯ ಗುಡುಗುತ್ತಾನೆ, ಹಿಂದೆ ಡ್ರಮ್ಮು ಬಾರಿಸುತ್ತದೆ, ಇವನಿಗೆ ರೋಮಾಂಚನವಾಗುತ್ತದೆ. ಬೆಳಗ್ಗೆ ಆರೂ ಕಾಲಿಗೆ ಅವರಮ್ಮ ಕೆಳಗಿನವರೆಗೂ ಕೇಳುವಂತೆ "ಎದ್ದೇಳೋ, ಫಸ್ಟ್ ಶಿಫ್ಟು!" ಎಂದು ಕೂಗುತ್ತಾರೆ. ಹುರುಪು ಎಂಬುದು ಭಾನುವಾರ ಬಂದು ಬಾಡೂಟ ಉಂಡು ಸಂಜೆ ಬಸ್ಸಿಗೆ ಹೊರಟುಬಿಡುವ ನೆಂಟ. ಪಾತ್ರೆ ತೊಳೆಯುವ ಹೊತ್ತಿಗೆ ಅವನು ನೆಲಮಂಗಲ ದಾಟಿರುತ್ತಾನೆ.

ಇದೇ ಹುಡುಗ ನವೆಂಬರ್ ಮಧ್ಯದಲ್ಲಿ ನನ್ನನ್ನು ಬೆಪ್ಪಾಗಿಸುತ್ತಾನೆ. ಅಯ್ಯಪ್ಪನ ಮಂಡಲ ಕಾಲ ಶುರುವಾಗುವುದು ಆಗ. ಪಕ್ಕದ ಜಾಲಹಳ್ಳಿಯಲ್ಲೇ ಅಯ್ಯಪ್ಪನ ದೇವಸ್ಥಾನವಿದೆ. ಹೋಗಿ ಮಾಲೆ ಹಾಕಿಸಿಕೊಂಡು ಬಂದನೋ, ಮುಗಿಯಿತು. ನಲವತ್ತೊಂದು ದಿನ ಸಿಗರೇಟಿಲ್ಲ, ಎಣ್ಣೆಯಿಲ್ಲ, ಮಾಂಸವಿಲ್ಲ, ಕಾಲಿಗೆ ಚಪ್ಪಲಿಯಿಲ್ಲ. ಎರಡು ಹೊತ್ತು ತಣ್ಣೀರು. ಆರಕ್ಕೆ ಎಬ್ಬಿಸಿದರೆ ಗೊಣಗುತ್ತಿದ್ದವನು ನಾಲ್ಕೂವರೆಗೇ ಬಕೆಟ್ಟು ಬಡಿದು ನಮ್ಮನ್ನು ಎಬ್ಬಿಸುತ್ತಾನೆ. ಡಿಸೆಂಬರಿನ ಆ ಚಳಿಯಲ್ಲಿ ಮೇಲಿನಿಂದ ಶರಣು ಕೂಗುವುದು ಕೇಳುವಾಗ ಕಂಬಳಿಯೊಳಗೆ ಮಲಗಿರುವ ನಮಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ, ಸುಳ್ಳೇಕೆ.

ಇವನಿಗೆ ಒಂದೇ ರಾತ್ರಿಯಲ್ಲಿ ಇಷ್ಟು ಇಚ್ಛಾಶಕ್ತಿ ಎಲ್ಲಿಂದ ಬಂತು? ಭಕ್ತಿ ಅನ್ನುತ್ತೀರಿ. ಒಪ್ಪಿದೆ. ಆದರೆ ಭಕ್ತಿಯ ಜೊತೆಗೆ ಬೀದಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಪ್ಪು ಪಂಚೆ ಉಟ್ಟ ಕ್ಷಣದಿಂದ ಅವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅವರಮ್ಮನಿಗೂ ಅವನು 'ಸ್ವಾಮಿ'. ನಿನ್ನೆಯವರೆಗೆ "ಮಗಾ, ಒಂದು ದಮ್ ಕೊಡೋ" ಅನ್ನುತ್ತಿದ್ದ ಗೆಳೆಯ ಇವತ್ತು ಇವನು ಬರುವುದು ಕಂಡರೆ ತನ್ನ ಸಿಗರೇಟನ್ನೇ ಹಿಂದಕ್ಕೆ ಹಿಡಿಯುತ್ತಾನೆ. ಅಂಗಡಿ ಮುಂದೆ ಅಭ್ಯಾಸಬಲದಿಂದ ಒಂದು ನಿಮಿಷ ನಿಂತರೂ ಸಾಕು, ಒಳಗಿನಿಂದ "ಏನು ಸ್ವಾಮಿ, ಬಾಳೆಹಣ್ಣಾ?" ಎಂಬ ಪ್ರಶ್ನೆ ಬರುತ್ತದೆ. ಬಾಳೆಹಣ್ಣು ತೆಗೆದುಕೊಂಡು ಬರದೆ ವಿಧಿಯಿಲ್ಲ. ಸಂಜೆ ಭಜನೆಗೆ ಹೋಗದಿದ್ದರೆ ಗುರುಸ್ವಾಮಿಯ ಫೋನು. ಇರುಮುಡಿ ಕಟ್ಟುವ ದಿನ ಮೊದಲೇ ಗೊತ್ತು, ಬಸ್ಸಿಗೆ ದುಡ್ಡು ಕೊಟ್ಟಾಗಿದೆ. ತಪ್ಪಿಸಿಕೊಳ್ಳಲು ಸಂದು ಎಲ್ಲಿದೆ? ಅಣ್ಣಾವ್ರು ರಾಜ್‌ಕುಮಾರ್ ಮಾಲೆ ಹಾಕಿ ಬೆಟ್ಟಕ್ಕೆ ಹೋಗುತ್ತಿದ್ದಾಗ ಅವರೂ ಒಂಟಿಯಾಗಿ ಹೋದವರಲ್ಲ. ನಟ ಶಿವರಾಂ ಅಂಥವರ ಜೊತೆ ಗುಂಪು ಕಟ್ಟಿಕೊಂಡೇ ಹೋದರು.

ಇನ್ನು ಮಾಲೆ ತೆಗೆದ ದಿನದ ಸಂಜೆಯ ಕಥೆ ಹೇಳಬಾರದು, ಆದರೂ ಹೇಳುತ್ತೇನೆ. 'ಸ್ವಾಮಿ' ಹೋಗಿ 'ಮಗಾ' ಆದ. ಅದೇ ಅಂಗಡಿ, ಅದೇ ಗೆಳೆಯ, ಅದೇ ದಮ್ಮು. ನಲವತ್ತೊಂದನೇ ದಿನ ನೋಡುತ್ತಿದ್ದ ದೇವರು ನಲವತ್ತೆರಡನೇ ದಿನವೂ ನೋಡುತ್ತಲೇ ಇದ್ದಾನೆ. ನೋಡುವುದನ್ನು ನಿಲ್ಲಿಸಿದ್ದು ಬೀದಿ.

ನಲವತ್ತೊಂದು ದಿನ ಮಾಡಿದ್ದು ರೂಢಿಯಾಗಿಬಿಡಬೇಕಿತ್ತಲ್ಲ ಎಂದು ನೀವು ಕೇಳಬಹುದು. ಇಪ್ಪತ್ತೊಂದು ದಿನ ಸಾಕು ಎಂದು ಆ ಕೋಟಿನ ಮಹಾಶಯನೇ ಹೇಳುತ್ತಾನೆ. ಆ ಇಪ್ಪತ್ತೊಂದರ ಮೂಲ ಹುಡುಕಿದರೆ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಸಿಗುತ್ತಾನೆ. ಮುಖದ ಆಪರೇಷನ್ ಆದವರು ಕನ್ನಡಿಯಲ್ಲಿ ಹೊಸ ಮೂತಿಗೆ ಒಗ್ಗಿಕೊಳ್ಳಲು ಕನಿಷ್ಠ ಮೂರು ವಾರ ಬೇಕು ಎಂದು ಅವನು 1960ರ ತನ್ನ ಪುಸ್ತಕದಲ್ಲಿ ಬರೆದ. 'ಕನಿಷ್ಠ' ಎಂಬುದು ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು, ಮೂತಿಯೂ ಬಿದ್ದುಹೋಯಿತು. ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಇಟ್ಟುಕೊಂಡು ನಿಜವಾಗಿ ಲೆಕ್ಕ ಹಾಕಿ 2010ರಲ್ಲಿ ಪ್ರಕಟಿಸಿದರು. ಒಂದು ಕೆಲಸ ತಾನಾಗಿ ಆಗುವಷ್ಟು ರೂಢಿಯಾಗಲು ಹಿಡಿದದ್ದು ಸುಮಾರು 66 ದಿನ, ಅದೂ ಒಬ್ಬರಿಗೆ 18 ಆದರೆ ಇನ್ನೊಬ್ಬರಿಗೆ 254. ನಮ್ಮ ಹುಡುಗ 254ರ ಜಾತಿ ಎಂದು ನನ್ನ ಅನುಮಾನ. ಅವರಮ್ಮನಿಗೆ ಅನುಮಾನವೇ ಇಲ್ಲ.

ಬೀದಿ ನೋಡಬೇಕು ಎಂದೊಡನೆ ಕೆಲವರು ಮೊಬೈಲ್ ತೆಗೆದು ಸ್ಟೇಟಸ್ ಹಾಕುತ್ತಾರೆ: 'ಹೊಸ ನಾನು, ದಿನ ಒಂದು', ಪಕ್ಕದಲ್ಲಿ ಒಂದು ಡಂಬೆಲ್ ಚಿತ್ರ. ಇದು ಬೇರೆ, ಅದು ಬೇರೆ. ನ್ಯೂಯಾರ್ಕಿನ ಪೀಟರ್ ಗಾಲ್ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಯವರು 2009ರಲ್ಲಿ ತೋರಿಸಿದ್ದು ಇದನ್ನೇ. 'ನಾನು ಇಂಥವನಾಗುತ್ತೇನೆ' ಎಂಬ ಸಂಕಲ್ಪವನ್ನು ಇನ್ನೊಬ್ಬರು ಗಮನಿಸಿದರೆ, ಅರ್ಧ ಆಗಿಬಿಟ್ಟೆನೆಂಬ ತೃಪ್ತಿ ಮೊದಲೇ ಬಂದು ಕೆಲಸ ಹಿಂದೆ ಬೀಳುತ್ತದೆ. ಸ್ಟೇಟಸ್ ನೋಡಿದವರು ಒಂದು ಹೆಬ್ಬೆರಳು ಎತ್ತಿ ಮುಂದಕ್ಕೆ ಹೋಗುತ್ತಾರೆ. ಮಾರನೇ ದಿನ ಬಾಗಿಲು ಬಡಿದು "ಇವತ್ತು ಯಾಕೆ ಹೋಗ್ಲಿಲ್ಲ?" ಎಂದು ಕೇಳುವುದಿಲ್ಲ.

ಬಾಗಿಲು ಬಡಿಯುವವರು ಬೇಕೆಂದರೆ ನಮ್ಮ ಬೀದಿಯ ಚೀಟಿ ಆಂಟಿಯನ್ನು ನೋಡಬೇಕು. ನಮ್ಮಲ್ಲಿ ಬ್ಯಾಂಕಿನಲ್ಲಿ ಆರ್‌ಡಿ ತೆರೆದು ಮೂರನೇ ತಿಂಗಳಿಗೆ ಮುರಿದುಕೊಂಡವರೇ ಹೆಚ್ಚು. ಅದೇ ಜನ ಆಂಟಿಯ ಚೀಟಿಯನ್ನು ಇಪ್ಪತ್ತು ತಿಂಗಳೂ ತಪ್ಪದೆ ಕಟ್ಟಿದ್ದಾರೆ. ಆಂಟಿಯೇನೂ ಕಿಚ್ಚು ಹೊತ್ತಿಸುವವರಲ್ಲ. ಐದನೇ ತಾರೀಖು ಸಂಜೆ ಬಂದು ಮೆಟ್ಟಿಲ ಮೇಲೆ ಕೂತು, "ನಿಧಾನಕ್ಕೆ ಕೊಡಿ, ನಾನೇನೂ ಅವಸರದಲ್ಲಿಲ್ಲ" ಎನ್ನುತ್ತಾರೆ. ಇಡೀ ಕಾಂಪೌಂಡಿಗೆ ಕೇಳುವಂತೆ. ಆಮೇಲೆ ದುಡ್ಡು ಅಕ್ಕಿ ಡಬ್ಬಿಯಿಂದಾದರೂ ಹೊರಬರುತ್ತದೆ. ಹಾಗೆ ಕೂಡಿದ ದುಡ್ಡಲ್ಲಿ ಮಗಳ ಪಿಯುಸಿ ಫೀಸು ಕಟ್ಟಿದವರಿದ್ದಾರೆ, ಹೊಲಿಗೆ ಮೆಷಿನ್ ಕೊಂಡು ಗಾರ್ಮೆಂಟ್ಸಿನ ಬೋರ್ಡಿಗೆ ಕೈ ಮುಗಿದು ಮನೆಯಲ್ಲೇ ಬ್ಲೌಸು ಹೊಲಿಯುವವರಿದ್ದಾರೆ. (ಕಾನೂನು ಬಲ್ಲವರು ಕಣ್ಣು ಕೆಂಪು ಮಾಡುವ ಮುಂಚೆ ಹೇಳಿಬಿಡುತ್ತೇನೆ: 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಚೀಟಿ ನಡೆಸಲು ನೋಂದಣಿ ಬೇಕು, ಸರ್ಕಾರದ್ದೇ ಎಂಎಸ್‌ಐಎಲ್ ಚೀಟಿ ನಡೆಸುತ್ತದೆ. ಓಡಿಹೋಗುವ ಆಂಟಿಯರೂ ಲೋಕದಲ್ಲಿದ್ದಾರೆ.)

ಕಾಯುವವರು ಮನುಷ್ಯರೇ ಆಗಬೇಕೆಂದಿಲ್ಲ. ಇದೇ ತುಮಕೂರು ರಸ್ತೆ ಹಿಡಿದು ನೆಲಮಂಗಲ ದಾಟಿ ಕುದೂರಿನ ಕಡೆ ತಿರುಗಿದರೆ ಹುಲಿಕಲ್ ಸಿಗುತ್ತದೆ. ಸಾಲುಮರದ ತಿಮ್ಮಕ್ಕನ ಊರು. ತಿಮ್ಮಕ್ಕ ಮತ್ತು ಗಂಡ ಚಿಕ್ಕಯ್ಯ ಮೊದಲ ವರ್ಷ ನೆಟ್ಟದ್ದು ಹತ್ತೇ ಆಲದ ಸಸಿ, ಮರುವರ್ಷ ಹದಿನೈದು, ಆಮೇಲೆ ಇಪ್ಪತ್ತು. ಹೀಗೆ ಕೂಡುತ್ತಾ ಕೂಡುತ್ತಾ ಹುಲಿಕಲ್ಲಿನಿಂದ ಕುದೂರಿನವರೆಗೆ ನಾಲ್ಕೂವರೆ ಕಿಲೋಮೀಟರ್, 385 ಮರ ಎನ್ನುತ್ತಾರೆ. ಮೂರು ಕಿಲೋಮೀಟರಿನ ಕಥೆ ಆಗಲೇ ಹೇಳಿದೆನಲ್ಲ, ಹೋಲಿಸಲು ಹೋಗಬೇಡಿ, ಮೆಟ್ರೋದವರಿಗೆ ಬೇಜಾರಾದೀತು. ಕೂಲಿ ಮಾಡಿ ಬಂದ ಮೈಯಲ್ಲಿ ಕೊಡ ಹೊತ್ತು ಅಷ್ಟು ದೂರ ನೀರು ಸಾಗಿಸಬೇಕಿತ್ತು. ಇವತ್ತು ಯಾಕೋ ಮನಸ್ಸಿಲ್ಲ ಎಂದು ಕೂತರೆ ಸಸಿ ಒಣಗುತ್ತದೆ. 2019ರಲ್ಲಿ ಪದ್ಮಶ್ರೀ ಬಂದದ್ದು ದಶಕಗಳ ಮೇಲೆ. ನೀರು ಹೊರುವಾಗ ಚಪ್ಪಾಳೆ ತಟ್ಟಲು ಆ ರಸ್ತೆಯಲ್ಲಿ ಯಾರು ನಿಂತಿದ್ದರು?

ಆದ್ದರಿಂದ ಸೋಮವಾರದಿಂದ ಏನಾದರೂ ಶುರು ಮಾಡಬೇಕೆಂದಿದ್ದರೆ ನನ್ನದೊಂದು ವಿನಂತಿ. ವಿಡಿಯೊ ನೋಡಬೇಡಿ, ಸ್ಟೇಟಸ್ ಹಾಕಬೇಡಿ, ನಿಮ್ಮ ಮುಲಾಜು ಇಟ್ಟುಕೊಳ್ಳದೆ ಕೇಳುವ ಒಬ್ಬರನ್ನು ಹಿಡಿಯಿರಿ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಹಾಗೆ ಕೇಳುವವರು ಯಾರೂ ಇಲ್ಲವಾದರೆ ಗ್ರೀನ್ ಲೈನ್ ಹತ್ತಿ ದಾಸರಹಳ್ಳಿಯಲ್ಲಿ ಇಳಿಯಿರಿ. ನಮ್ಮ ಕಾಂಪೌಂಡಿನಲ್ಲಿ ಒಂದು ಮನೆ ಖಾಲಿಯಿದೆ. ಅಡ್ವಾನ್ಸು ಸ್ವಲ್ಪ ಜಾಸ್ತಿ, ಕಾವೇರಿ ನೀರು ದಿನ ಬಿಟ್ಟು ದಿನ, ಬೈಗುಳ ಮಾತ್ರ ದಿನಾ ಬರುತ್ತದೆ.