ಉಷ್ಣ ಆಗಿದೆ, ಅಷ್ಟೇ

ಉರಿಮೂತ್ರಕ್ಕೆ ಮದ್ದು ಗೊತ್ತಿಲ್ಲದ ಕನ್ನಡಿಗರನ್ನು ನಾನಿನ್ನೂ ಕಂಡಿಲ್ಲ. ಬೇರೆ ಕಾಯಿಲೆ ಎಂದರೆ ಜನ ಒಂದು ಗಳಿಗೆಯಾದರೂ ಯೋಚಿಸುತ್ತಾರೆ. ಇದಕ್ಕೆ ಅದೂ ಬೇಡ. "ಉಷ್ಣ ಆಗಿದೆ, ಅಷ್ಟೇ." ತೀರ್ಪಿನ ಹಿಂದೆಯೇ ಶಿಕ್ಷೆ: ಬಾರ್ಲಿ ಗಂಜಿ, ಕಾಮಕಸ್ತೂರಿ ಬೀಜ, ನೆನೆಸಿದ ಮೆಂತ್ಯ, ಬಾಳೆದಿಂಡಿನ ಪಲ್ಯ, ನೆತ್ತಿಗೆ ಹರಳೆಣ್ಣೆ. ಸೋಂಕು ಇರುವುದೆಲ್ಲಿ, ಎಣ್ಣೆ ಹಾಕುವುದೆಲ್ಲಿ ಎಂದು ಕೇಳಬಾರದು. ಕೇಳಿದರೆ "ಓದಿದೋರಿಗೆ ಹೇಳೋದು ಕಷ್ಟಮ್ಮ" ಎಂದು ಚಿಕ್ಕಮ್ಮ ಫೋನಿಡುತ್ತಾರೆ.

ನನಗಿರುವುದು ಮಲ್ಟಿಪಲ್ ಸ್ಕ್ಲೆರೋಸಿಸ್, ಪದೇಪದೇ ಬರುವ ಈ ಸೋಂಕು ಅದರ ಬಾಲ ಎಂದೆ. "ಅದೂ ಉಷ್ಣಕ್ಕೇ ಬರೋದು" ಎಂದರು. ತಮಾಷೆಯೆಂದರೆ ಇದರಲ್ಲಿ ಅವರು ಕಾಲು ಭಾಗ ಸರಿ. ಈ ರೋಗಿಗಳು ಮೈ ದಣಿಸಿಕೊಂಡಾಗ ದೃಷ್ಟಿ ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲೇ ಗುರುತಿಸಿದ್ದ. ಅದಕ್ಕೆ ಕಾರಣ ಮೈಬಿಸಿ ಎಂಬುದು ಆಮೇಲೆ ತಿಳಿಯಿತು. ಬಿಸಿ ಕಾಯಿಲೆ ತರುವುದಿಲ್ಲ, ಇರುವ ಕಾಯಿಲೆಯನ್ನು ಕೆದಕುತ್ತದೆ. ಚಿಕ್ಕಮ್ಮನಿಗೆ ಇದನ್ನು ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ನಮ್ಮದೇ ರೋಗನಿರೋಧಕ ಶಕ್ತಿ ನಮ್ಮದೇ ನರಗಳ ಹೊದಿಕೆಯನ್ನು ಕೆರೆದು ಹಾಕುವ ಕಾಯಿಲೆಯಿದು. ಮಿದುಳು ಕೊಟ್ಟ ಅಪ್ಪಣೆ ಬೆನ್ನುಹುರಿಯಲ್ಲಿ ಎಲ್ಲೋ ಕಳೆದುಹೋಗುತ್ತದೆ. ಮೂತ್ರಕೋಶ ಹೊರಗೆ ನೂಕುವ ಹೊತ್ತಿಗೇ ಕೆಳಗಿನ ಬಾಗಿಲು ಬಿಗಿದುಕೊಳ್ಳುತ್ತದೆ. ಸಮ್ಮಿಶ್ರ ಸರ್ಕಾರಗಳನ್ನು ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಒಂದಿಷ್ಟು ವಿಲೇವಾರಿಯಾಗದೆ ಒಳಗೇ ಉಳಿಯುತ್ತದೆ, ಉಳಿದದ್ದರಲ್ಲಿ ಇ-ಕೊಲೈ ಎಂಬ ಬ್ಯಾಕ್ಟೀರಿಯಾ ಸಂಸಾರ ಹೂಡುತ್ತದೆ. ಮಾತ್ರೆಯಿಂದ ಓಡಿಸಿದರೂ ಉಳಿಕೆ ತೀರುವುದಿಲ್ಲವಾದ್ದರಿಂದ ಮತ್ತೆ ಬರುತ್ತದೆ.

ನರದ ಡಾಕ್ಟರು "ಇದು ಮೂತ್ರದ್ದು, ಅವರಿಗೆ ತೋರಿಸಿ" ಎನ್ನುತ್ತಾರೆ. ಮೂತ್ರದ ಡಾಕ್ಟರು "ಇದು ನರದ್ದು, ಅವರನ್ನೇ ಕೇಳಿ" ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜವೇ. ಫೀಸು ತೆಗೆದುಕೊಳ್ಳುವಾಗ ಮಾತ್ರ ನಾನು ಇಬ್ಬರಿಗೂ ಸೇರಿದವಳು.

ಇನ್ನೊಂದು ಸಂಗತಿಯಿದೆ. ನನ್ನಂಥ ರೋಗಿಗಳಲ್ಲಿ ಎಷ್ಟೋ ಜನರಿಗೆ ಉರಿಮೂತ್ರದಲ್ಲಿ ಉರಿಯೇ ಇರುವುದಿಲ್ಲ, ಆ ಭಾಗದ ಅರಿವು ಮಂದವಾಗಿರುತ್ತದೆ. ಬೆಳಗ್ಗೆ ಎದ್ದರೆ ಕಾಲು ಮೇಲೇಳುವುದಿಲ್ಲ, ಸೋಂಕಿನ ಮೊದಲ ಸುದ್ದಿ ಅದೇ. ಕಾಯಿಲೆ ಮರುಕಳಿಸಿತೆಂದು ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ತಿಳಿದ ವೈದ್ಯರು ಮೊದಲು ಮೂತ್ರ ಪರೀಕ್ಷೆಗೆ ಬರೆಯುತ್ತಾರೆ. ಸೋಂಕು ಇಳಿದರೆ ಕಾಲು ಮತ್ತೆ ಮಾತು ಕೇಳುವುದುಂಟು. ಅವಸರದವರು ನೇರವಾಗಿ ಸ್ಟೀರಾಯ್ಡ್ ಡ್ರಿಪ್ ಹಾಕುತ್ತಾರೆ, ದಿನಕ್ಕೆ 1 ಗ್ರಾಂ. ದೇಹದ ಕಾವಲನ್ನು ಮಲಗಿಸುವ ಔಷಧವದು. ಬ್ಯಾಕ್ಟೀರಿಯಾಗಳಿಗೆ ಆವತ್ತು ಹೋಳಿಗೆ ಊಟ.

ಇವರೆಲ್ಲರಿಗಿಂತ ಚುರುಕು ಮೆಡಿಕಲ್ ಸ್ಟೋರಿನ ಹುಡುಗ. ಚೀಟಿಯಿಲ್ಲದೆ ಕೊಳ್ಳಬೇಡಿ ಎಂದು ಆಂಟಿಬಯೋಟಿಕ್ ಪಟ್ಟಿಯ ಮೇಲಿನ ಕೆಂಪು ಗೆರೆ ತೋರಿಸಿ 2016ರಲ್ಲಿ ಕೇಂದ್ರ ಸರ್ಕಾರ ಪ್ರಚಾರ ಮಾಡಿತು. ಹುಡುಗ ಆ ಗೆರೆಯ ಗುಂಟವೇ ಕತ್ತರಿ ಆಡಿಸುತ್ತಾನೆ. "ಎರಡು ತಗೊಳ್ಳಿ ಆಂಟಿ, ಕಮ್ಮಿ ಆಗದಿದ್ರೆ ಇನ್ನೆರಡು." ಮೂತ್ರ ಕಲ್ಚರ್‌ಗೆ ಕೊಟ್ಟು ಎರಡು ಮೂರು ದಿನ ಕಾಯಲು ಯಾರಿಗೆ ಪುರುಸೊತ್ತು? ಹೀಗೆ ಬಿಡಿಬಿಡಿಯಾಗಿ ನುಂಗಿದವರ ವರದಿ ಕಡೆಗೊಂದು ದಿನ ಬರುತ್ತದೆ. ಔಷಧಗಳ ಹೆಸರಿನ ಮುಂದೆ ಸಾಲಾಗಿ ಆರ್, ಆರ್, ಆರ್. ರಾಜಮೌಳಿಯ ಸಿನಿಮಾ ಅಲ್ಲ. ಈ ಮದ್ದುಗಳಿಗೆ ರೋಗಾಣು ಬಗ್ಗುವುದಿಲ್ಲ ಎಂದರ್ಥ. ಮೈಯಲ್ಲಿ ಯಾವ ತೊಂದರೆಯೂ ಇಲ್ಲದೆ ವರದಿಯಲ್ಲಿ ಮಾತ್ರ ಕಾಣುವ ಬ್ಯಾಕ್ಟೀರಿಯಾಕ್ಕೆ ಸಾಮಾನ್ಯವಾಗಿ ಮದ್ದೇ ಬೇಡ ಎನ್ನುವುದನ್ನು ಹುಡುಗನಿಗೆ ಯಾರೂ ಹೇಳಿಲ್ಲ. ಹೇಳಿದರೆ ವ್ಯಾಪಾರ ನಡೆಯಬೇಕಲ್ಲ.

ಉಳಿಕೆಯನ್ನೇ ತೆಗೆಯುವ ದಾರಿ ಹಳೆಯದು, ಸರಳವಾದದ್ದು. ದಿನಕ್ಕೆ ಕೆಲವು ಸಲ ತೆಳು ಕೊಳವೆಯಿಂದ ರೋಗಿಯೇ ಮೂತ್ರಕೋಶ ಖಾಲಿ ಮಾಡಿಕೊಳ್ಳುವುದು. ಅದಕ್ಕೆ ಆಪರೇಷನ್ ಥಿಯೇಟರಿನ ಮಡಿ ಬೇಕಿಲ್ಲ, ಶುಚಿಯಾಗಿದ್ದರೆ ಸಾಕು ಎಂದು 1972ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಜ್ಯಾಕ್ ಲ್ಯಾಪಿಡೆಸ್ ತೋರಿಸಿಕೊಟ್ಟರು. ಪಾಪ, ಅವರು ನಮ್ಮ ಕಲ್ಯಾಣ ಮಂಟಪಗಳ ಶೌಚಾಲಯ ನೋಡಿರಲಿಲ್ಲ. ಊಟದ ಹಾಲಿನ ಹಿಂದೆ ನಾಲ್ಕು ಮೆಟ್ಟಿಲು ಇಳಿದರೆ ಪಾಚಿಗಟ್ಟಿದ ನೆಲ, ಚಿಲಕವಿಲ್ಲದ ಬಾಗಿಲು, ಚೀಲ ನೇತುಹಾಕಲು ಒಂದು ಮೊಳೆಯೂ ಇಲ್ಲ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬಾಗಿಲು. ಕೊಳವೆ ಹಿಡಿಯಲು ಮೂರನೆಯ ಕೈಯನ್ನು ಲ್ಯಾಪಿಡೆಸ್ ಸೂಚಿಸಿಲ್ಲ.

ಆದರೂ ಎಲ್ಲರದೂ ಒಂದೇ ಮಂತ್ರ: "ನೀರು ಚೆನ್ನಾಗಿ ಕುಡೀರಿ." ಕುಡಿದದ್ದು ಎಲ್ಲಿ ಇಳಿಯಬೇಕು ಎಂಬುದು ಚೀಟಿಯಲ್ಲಿಲ್ಲ. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ರಾಜ್ಯದ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಬೀದರಿನವರೆಗೂ ಪುಕ್ಕಟೆ ಹೋಗಬಹುದು. ಇಳಿದ ಮೇಲೆ ಒಂದಕ್ಕೆ ಹೋಗಬೇಕೆಂದರೆ ಐದು ರೂಪಾಯಿ ಚಿಲ್ಲರೆ ಇರಬೇಕು. ಇದಕ್ಕೇ ನಾವು ಜಾಣತನ ಕಲಿತಿದ್ದೇವೆ: ಪ್ರಯಾಣದ ದಿನ ತೊಟ್ಟು ನೀರೂ ಮುಟ್ಟುವುದಿಲ್ಲ. ಮಾರನೆಯ ದಿನ ಚಳಿಜ್ವರ. ಚಿಕ್ಕಮ್ಮನ ಫೋನು: "ನೋಡ್ದಾ, ಬಸ್ಸಲ್ಲಿ ಕೂತು ಉಷ್ಣ ಆಯ್ತು."

ಕಾನೂನು ನಮ್ಮ ಕಡೆಗಿದೆ, ಸುಳ್ಳು ಹೇಳಬಾರದು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಒಂದು. ಸೌಲಭ್ಯ ಸಿಗಲು ವೈಕಲ್ಯ ಶೇಕಡಾ 40 ತಲುಪಬೇಕು. ಪ್ರಮಾಣಪತ್ರಕ್ಕೆಂದು ಹೋದಲ್ಲಿ ವೈದ್ಯರು "ನಡೆದು ತೋರಿಸಿ" ಎಂದರು, ನಡೆದೆ. "ಚೆನ್ನಾಗೇ ನಡೀತೀರಲ್ಲ!" ಎಂದರು. ಮೂತ್ರಕೋಶಕ್ಕೆ ನಡೆದು ತೋರಿಸುವ ಅಭ್ಯಾಸವಿಲ್ಲ.

ಅದೇ ಕಟ್ಟಡದಲ್ಲಿ ಗಾಲಿಕುರ್ಚಿಯ ಚಿತ್ರವಿದ್ದ ಶೌಚಾಲಯವೂ ಇತ್ತು, ರ‍್ಯಾಂಪು ಸಮೇತ. ಬೀಗ ಹಾಕಿತ್ತು. ಕಿಟಕಿಯಿಂದ ಇಣುಕಿದರೆ ಪೊರಕೆ, ಬಕೆಟ್ಟು, ಕಾಲು ಮುರಿದ ಎರಡು ಕುರ್ಚಿ, ರಾಜ್ಯೋತ್ಸವದ ಬ್ಯಾನರು. ಕಾವಲಿನವರನ್ನು ಕೇಳಿದೆ. ಒಳ್ಳೆಯ ಮನುಷ್ಯ, ಎದ್ದು ನಿಂತರು.

"ಕೀ ಸಾಹೇಬ್ರ ಹತ್ರ ಇದೆ ಮೇಡಂ. ಊಟಕ್ಕೆ ಹೋಗವ್ರೆ, ಬಂದ್ಬಿಡ್ತಾರೆ. ಕೂತ್ಕೊಳ್ಳಿ. ಅಲ್ಲೀತಂಕ ನೀರು ಏನಾದ್ರೂ ಕುಡೀತೀರಾ?"