ಮಲಗಿದವರನ್ನು ಎಬ್ಬಿಸುವುದೇ ನನ್ನ ಡ್ಯೂಟಿ

ಹುಬ್ಬಳ್ಳಿಗೆ ಹೊರಟ ರಾತ್ರಿ ಬಸ್ಸು ತುಮಕೂರು ದಾಟುವಷ್ಟರಲ್ಲಿ ಹನ್ನೊಂದು ಗಂಟೆ. ದೀಪ ಆರಿದೆ, ಗೊರಕೆ ಶುರುವಾಗಿದೆ. ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತ, ಐವತ್ತರ ಆಸುಪಾಸಿನ ಹೆಂಗಸಿನ ಬಲಗಾಲಿಗೆ ಮಾತ್ರ ನಿದ್ದೆಯಿಲ್ಲ. ಮಡಚುತ್ತದೆ, ಚಾಚುತ್ತದೆ, ಮುಂದಿನ ಸೀಟಿಗೆ ಒದೆಯುತ್ತದೆ. ಮೀನಖಂಡಕ್ಕೆ ಹಳೇ ಸೀರೆಯ ಅಂಚನ್ನು ಹರಿದು ಬಿಗಿಯಾಗಿ ಕಟ್ಟಲಾಗಿದೆ. ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಕ್ಕದೆಂದು ವರದಿಗಾರ ರೆಕಾರ್ಡರ್ ಆನ್ ಮಾಡಿದ.

‘ಕೂತು ಮಾತಾಡೋಣವೇ?’

‘ಕೂರುವುದೊಂದೇ ನನ್ನ ಕೈಲಾಗದ ಕೆಲಸ ಸ್ವಾಮಿ,’ ಎಂದಿತು ಕಾಲು. ‘ಹಗಲೆಲ್ಲ ಅಡುಗೆಮನೆಯಲ್ಲಿ ನಿಂತಿರುವಾಗ ನಾನು ಸಾಧು. ಸಂಜೆ ಯಜಮಾನಿ ಬೆನ್ನು ಒರಗಿಸಿದರೋ, ಒಳಗೆ ಹುಳ ಹರಿದಂತೆ ಶುರುಮಾಡುತ್ತೇನೆ. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಮಾಯ. ಬೆಳಿಗ್ಗೆ ಹತ್ತಕ್ಕೆ ಡಾಕ್ಟರು ತಟ್ಟಿ ನೋಡಿದರೆ ಸಿಕ್ಕಿಬೀಳುತ್ತೇನೆಯೇ? “ಏನೂ ಇಲ್ಲಮ್ಮ, ಯೋಚನೆ ಜಾಸ್ತಿ” ಅಂತಾರೆ.’

ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎಂಬ ಬಿರುದಿನ ಬಗ್ಗೆ ಕೇಳಿದಾಗ ಕಾಲಿಗೆ ಸ್ವಲ್ಪ ಗತ್ತು ಬಂತು. 1672ರಲ್ಲೇ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ತನ್ನ ಬಗ್ಗೆ ಬರೆದಿದ್ದ, ಸ್ವೀಡನ್ನಿನ ವೈದ್ಯ ಎಕ್ಬೊಮ್ 1945ರಲ್ಲಿ ಪುಸ್ತಕವನ್ನೇ ತಂದ ಎಂದಿತು. ‘ನಿಮ್ಮಲ್ಲಿ ಮಾತ್ರ ಇನ್ನೂ “ಕಾಲು ಅಲ್ಲಾಡಿಸಬೇಡ, ಮನೆಗೆ ದರಿದ್ರ” ಅನ್ನುವುದೇ ಚಿಕಿತ್ಸೆ.’

‘ಸಂಖ್ಯಾಬಲ?’

‘ಯುರೋಪು, ಅಮೆರಿಕದಲ್ಲಿ ನೂರು ವಯಸ್ಕರಲ್ಲಿ ಐದರಿಂದ ಹತ್ತು ಮಂದಿ. ಔಷಧಿ ಬೇಕೇಬೇಕು ಅನ್ನುವಷ್ಟು ಕಾಡುವುದು ಎರಡು ಮೂರು ಮಂದಿಯನ್ನು. ಏಷ್ಯಾದಲ್ಲಿ ನಮ್ಮ ಪಕ್ಷ ಸ್ವಲ್ಪ ಬಡವು. ಬೆಂಗಳೂರಿನ ಸಮೀಕ್ಷೆಯೊಂದು 2007ರಲ್ಲಿ ಶೇ. 2.1 ಅಂದಿತು.’

‘ಎರಡೇ?’

‘ಕೋಟಿ ಜನರ ಊರಲ್ಲಿ ಎರಡು ಅಂದರೆ ಲಕ್ಷಗಳ ಮಾತು. ಕಾರ್ಪೊರೇಷನ್ ಚುನಾವಣೆಗೆ ನಿಲ್ಲಬಹುದು!’

ಟಿಕೆಟ್ ಹಂಚಿಕೆ ಹೇಗೆಂದು ಕೇಳಿದ್ದೇ ತಡ, ಕಾಲು ಚುರುಕಾಯಿತು. ಗಂಡಸು ಒಬ್ಬನಾದರೆ ಹೆಂಗಸರು ಇಬ್ಬರು. ಬಸುರಿಯರಲ್ಲಿ ಸುಮಾರು ಐವರಿಗೊಬ್ಬರು, ಅದೂ ಕೊನೆಯ ಮೂರು ತಿಂಗಳಲ್ಲಿ. ಹೆರಿಗೆಯಾದ ಮೇಲೆ ಹೆಚ್ಚಿನವರನ್ನು ಬಿಟ್ಟುಬಿಡುತ್ತದಂತೆ. ಡಯಾಲಿಸಿಸ್ಸಿನಲ್ಲಿ ಗಂಟೆಗಟ್ಟಲೆ ಮಲಗಬೇಕಾದವರಲ್ಲಿ ನಾಲ್ವರಿಗೊಬ್ಬರಷ್ಟು. ನೆಗಡಿಗೆಂದು ನುಂಗುವ ಕೆಲವು ಮಾತ್ರೆಗಳೂ ಅದರ ಪರವಾಗಿ ಪ್ರಚಾರ ಮಾಡುತ್ತವೆ.

‘ಆದರೆ ನನ್ನ ಭದ್ರಕೋಟೆ ಕಬ್ಬಿಣದ ಕೊರತೆ,’ ಕಾಲು ದನಿ ತಗ್ಗಿಸಿತು. ‘ಮಿದುಳಿಗೆ ಕಬ್ಬಿಣ ಸಾಲದೆ ಹೋದರೆ ಡೋಪಮಿನ್ ಲೆಕ್ಕ ತಪ್ಪುತ್ತದೆ, ನನಗೆ ಅಧಿಕಾರ ಸಿಗುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಓದಿದಿರಾ? ಕರ್ನಾಟಕದಲ್ಲಿ 15ರಿಂದ 49ರ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್, ಅಂದರೆ ಕಬ್ಬಿಣದ ದಾಸ್ತಾನು, ತಳ ಕಂಡಿದ್ದರೆ ನನಗೆ ಸಾಕು. ಎಲ್ಲರಿಗೂ ಬಡಿಸಿ ಕೊನೆಗೆ ತಳದ ಸಾರಲ್ಲಿ ಊಟ ಮುಗಿಸುವವರು ನಮ್ಮ ಖಾಯಂ ಮತದಾರರು.’

‘ಡೋಪಮಿನ್ ಮಾತ್ರೆ ಕೊಟ್ಟರೆ?’

‘ಮೊದಮೊದಲು ಸುಮ್ಮನಾಗುತ್ತೇನೆ. ವರ್ಷ ಕಳೆದಂತೆ ಎಷ್ಟೋ ಕಡೆ ರಾತ್ರಿಯ ಡ್ಯೂಟಿಯನ್ನು ಮಧ್ಯಾಹ್ನಕ್ಕೇ ಶುರುಮಾಡಿ, ಕೈಗೂ ಚಾರ್ಜ್ ಕೊಡುತ್ತೇನೆ. ಅದಕ್ಕೇ ತಜ್ಞರು ಈಗ ಮೊದಲು ಕಬ್ಬಿಣ ನೋಡಿ ಅಂತಿದ್ದಾರೆ, ಹಾಳಾದವರು.’

ಉತ್ತರಾಧಿಕಾರಿ ಯಾರಾದರೂ?

‘ನಮ್ಮದು ವಂಶಪಾರಂಪರ್ಯ ಹೆಚ್ಚಿರುವ ಪಕ್ಷ. ಯಜಮಾನಿಯ ಮೊಮ್ಮಗಳು ಆಗಲೇ ಸಂಜೆಯಾದರೆ “ಅಜ್ಜಿ, ಕಾಲು ಒತ್ತು” ಅಂತಾಳೆ. ಮನೆಯವರೆಲ್ಲ “ಬೆಳೆಯೋ ನೋವು, ತಾನೇ ಹೋಗುತ್ತೆ” ಅಂದುಬಿಟ್ಟಿದ್ದಾರೆ. ಅವರ ಬಾಯಿಗೆ ಸಕ್ಕರೆ ಹಾಕಬೇಕು!’