ವೆಬ್‌ಸೈಟ್ ನೋಡಿಕೊಳ್ಳುವವರು

ಕರ್ನಾಟಕದ ಸಂಘಸಂಸ್ಥೆಗಳಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಸ್ಥಾನಗಳ ಜೊತೆಗೆ, ಬೈಲಾದಲ್ಲಿ ಎಲ್ಲಿಯೂ ನಮೂದಾಗದೆ, ಚುನಾವಣೆಯ ಗೊಡವೆಯೂ ಇಲ್ಲದೆ ಹುಟ್ಟಿಕೊಂಡ ಇನ್ನೊಂದು ಸ್ಥಾನವುಂಟು. ಅದನ್ನು ಅಲಂಕರಿಸಿದವರೇ ‘ವೆಬ್‌ಸೈಟ್ ನೋಡಿಕೊಳ್ಳುವವರು’. ಇವರು ಮೊದಲಿಗೆ ಸಂಘದ ಆಮಂತ್ರಣ ಪತ್ರಿಕೆಗೆ ಡಿಟಿಪಿ ಮಾಡಿಸಿಕೊಡುತ್ತಿದ್ದವರಾಗಿದ್ದು, ಪ್ರೋಗ್ರಾಮಿಂಗ್ ತಿಳಿಯದವರೂ ಜಾಲತಾಣ ಕಟ್ಟಬಹುದಾದ ವರ್ಡ್‌ಪ್ರೆಸ್ ಎಂಬ ಉಚಿತ ತಂತ್ರಾಂಶ ಕೈಗೆ ಸಿಕ್ಕ ಮೇಲೆ ಈ ಪದವಿಗೇರಿದರು. ಸಂಬಳವಿಲ್ಲದ ಈ ಕೆಲಸಕ್ಕೆ ಎಷ್ಟೋ ಸಲ ಹೋಸ್ಟಿಂಗ್ ಬಾಡಿಗೆಯನ್ನೂ ಇವರೇ ಕೈಯಿಂದ ಕಟ್ಟುತ್ತಾರೆಂಬುದನ್ನು ನ್ಯಾಯದೃಷ್ಟಿಯಿಂದ ಮೊದಲೇ ಹೇಳಿಬಿಡಬೇಕು.

ಮಿತವ್ಯಯವೇ ಇವರ ಪ್ರಧಾನ ಗುಣ. ದುಡ್ಡು ಕೊಟ್ಟು ಪಡೆಯಬೇಕಾದ ಥೀಮ್‌ನ, ಅಂದರೆ ಜಾಲತಾಣದ ಸಿದ್ಧ ವಿನ್ಯಾಸದ, ಪರವಾನಗಿ ತಪಾಸಣೆಯನ್ನು ಮುರಿದು ಹಂಚುವ ‘ನಲ್ಡ್’ ಪ್ರತಿಯನ್ನು ಇವರು ಎಲ್ಲಿಂದಲೋ ಇಳಿಸಿಕೊಂಡು, ಹಾಗೆ ಉಳಿದ ಹಣವನ್ನು ಕಾರ್ಯಕಾರಿ ಸಮಿತಿಯ ಗಮನಕ್ಕೂ ತರುತ್ತಾರೆ. ಬೀಗ ಮುರಿಯುವಷ್ಟು ಶ್ರಮಪಟ್ಟ ಆ ಅಪರಿಚಿತ ದಾನಿಯು ಥೀಮ್‌ನೊಳಗೆ ತನ್ನದೂ ನಾಲ್ಕು ಸಾಲು ಕೋಡ್ ಸೇರಿಸಿರಬಹುದೆಂಬ ಶಂಕೆ ಇವರನ್ನು ಬಾಧಿಸುವುದಿಲ್ಲ. ಪಾಸ್‌ವರ್ಡ್ ಎಂದರೆ ಸಂಘದ ಹೆಸರು ಮತ್ತು ಸ್ಥಾಪನೆಯ ವರ್ಷ, ಇವೆರಡೂ ಲೆಟರ್‌ಹೆಡ್‌ನಲ್ಲಿ ಅಚ್ಚಾಗಿವೆ. ಸಣ್ಣಪುಟ್ಟ ಭದ್ರತಾ ತಿದ್ದುಪಡಿಗಳು ತಾವಾಗಿಯೇ ಬಂದು ಸೇರುವ ಸೌಲಭ್ಯವನ್ನು ವರ್ಡ್‌ಪ್ರೆಸ್ 2013ರಲ್ಲೇ ಒದಗಿಸಿತಾದರೂ, ಅಂಥದೊಂದು ಅಪ್‌ಡೇಟ್‌ನ ಮರುದಿನ ಗೌರವಾಧ್ಯಕ್ಷರ ಭಾವಚಿತ್ರ ಸ್ಲೈಡ್ ಆಗುವುದು ನಿಂತುದರಿಂದ ಇವರು ಅದನ್ನು ಶಾಶ್ವತವಾಗಿ ಬಂದ್ ಮಾಡಿದ್ದಾರೆ.

ಇವರ ನಿಜವಾದ ವ್ಯಕ್ತಿತ್ವ ಪ್ರಕಟವಾಗುವುದು ಸೋಂಕಿನ ಕಾಲದಲ್ಲಿ. ರಾಜ್ಯೋತ್ಸವದ ದಿನಾಂಕಕ್ಕಾಗಿ ಗೂಗಲ್‌ನಲ್ಲಿ ಸಂಘದ ಹೆಸರು ಹುಡುಕಿದ ಸದಸ್ಯರೊಬ್ಬರಿಗೆ ಜಪಾನಿ ಲಿಪಿಯಲ್ಲಿ ಕೈಗಡಿಯಾರದ ಜಾಹೀರಾತು ಕಂಡು, ಅವರು ಗಾಬರಿಯಿಂದ ಫೋನ್ ಮಾಡಿದರೆ, ಇವರು ವಿಳಾಸವನ್ನು ನೇರವಾಗಿ ಟೈಪ್ ಮಾಡಿ ನೋಡಿ, “ನನ್ನಲ್ಲಿ ಸರಿಯಾಗೇ ಬರ್ತಿದೆಯಲ್ಲ ಸಾರ್, ನಿಮ್ಮ ಮೊಬೈಲಿಗೇ ವೈರಸ್ ಬಂದಿರ್ಬೇಕು” ಎಂದು ರೋಗವನ್ನು ದೂರುದಾರರಿಗೇ ವರ್ಗಾಯಿಸುತ್ತಾರೆ. ಗೂಗಲ್‌ನ ಯಂತ್ರಗಳಿಗೂ ಹುಡುಕಾಟದ ಮೂಲಕ ಬಂದವರಿಗೂ ಒಂದು ಪುಟ, ಯಜಮಾನನಿಗೆ ಎಂದಿನ ಪುಟ, ಹೀಗೆ ಮುಖ ನೋಡಿ ಮಣೆ ಹಾಕುವ ‘ಕ್ಲೋಕಿಂಗ್’ ಎಂಬ ತಂತ್ರವನ್ನು ದಾಳಿಕೋರರು ರೂಪಿಸಿರುವುದೇ ಇಂಥ ಉತ್ತರವನ್ನು ಹೊರಡಿಸಲಿಕ್ಕೆ.

ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ಸಂಸ್ಥೆಗಳು ವರದಿ ಮಾಡಬೇಕೆಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶಿಸಿದೆ. ಅದು ತಮ್ಮ ಸಂಘಕ್ಕೂ ಅನ್ವಯಿಸುತ್ತದೆಯೇ ಎಂಬ ವಾಟ್ಸ್‌ಆ್ಯಪ್ ಚರ್ಚೆಯಲ್ಲೇ ಆ 6 ಗಂಟೆಗಳು ಕಳೆಯುತ್ತವೆ. ಬಳಿಕ ಇವರು ರಾತ್ರಿಯೆಲ್ಲ ಕುಳಿತು, ಮುಖಪುಟದ ಕಡತದಲ್ಲಿ ಕಂಡ ವಿಚಿತ್ರ ಸಾಲುಗಳನ್ನು ಅಳಿಸಿ, ಬೆಳಗ್ಗೆ “ವೆಬ್‌ಸೈಟ್ ಕ್ಲೀನ್ ಆಗಿದೆ” ಎಂದು ಘೋಷಿಸುತ್ತಾರೆ. ಬೇರು ಬಿಟ್ಟು ಗರಿಕೆ ಕೊಯ್ದಂತಾದ ಈ ಚಿಕಿತ್ಸೆ ಒಂದು ವಾರ ಬಾಳಿದರೆ ಹೆಚ್ಚು, ಏಕೆಂದರೆ ದಾಳಿಕೋರರು ಮತ್ತೆ ಒಳಬರಲು ಇಟ್ಟುಕೊಂಡ ಗುಪ್ತ ಕಡತ, ಅಂದರೆ ಬ್ಯಾಕ್‌ಡೋರ್, ಫೋಟೋಗಳಷ್ಟೇ ಇರಬೇಕಾದ ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಸಭ್ಯ ಹೆಸರಿನಿಂದ ಕುಳಿತಿರುತ್ತದೆ. ಆಗ ಇವರು ಬ್ಯಾಕಪ್‌ನ ಮೊರೆಹೋಗುತ್ತಾರೆ. ಆದರೆ ಆ ಬ್ಯಾಕಪ್ ಸೋಂಕು ತಗುಲಿದ ಮೇಲೆ ತೆಗೆದದ್ದಾದ್ದರಿಂದ ರೋಗಿಯ ಜೊತೆಗೆ ರೋಗವೂ ಯಥಾಸ್ಥಿತಿಗೆ ಮರಳುತ್ತದೆ.

ಬಲ್ಲವರು ಮಾಡುವುದು ಬೇರೆ. ಅವರು ತಾಣವನ್ನು ತಾತ್ಕಾಲಿಕವಾಗಿ ಮುಚ್ಚಿ, ಸರ್ವರಿನ ಲಾಗ್‌ಗಳಿಂದ ಶತ್ರು ಬಂದ ದಾರಿ ಹುಡುಕಿ, ವರ್ಡ್‌ಪ್ರೆಸ್, ಥೀಮ್, ಹೆಚ್ಚುವರಿ ಸೌಲಭ್ಯ ಒದಗಿಸುವ ಪ್ಲಗಿನ್‌ಗಳನ್ನು ಅಧಿಕೃತ ಮೂಲದಿಂದ ಹೊಸದಾಗಿ ಹಾಕಿ, ಡೇಟಾಬೇಸ್ ಮತ್ತು ಚಿತ್ರಗಳನ್ನಷ್ಟೇ ಪರೀಕ್ಷಿಸಿ ಉಳಿಸಿಕೊಂಡು, ಅಪರಿಚಿತ ಅಡ್ಮಿನ್‌ಗಳನ್ನು ತೆಗೆದು, ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಕೋಡ್ ಓಡದಂತೆ ತಡೆಯುತ್ತಾರೆ. ಹೋಸ್ಟಿಂಗ್, ಎಫ್‌ಟಿಪಿ, ಡೇಟಾಬೇಸ್, ಅಡ್ಮಿನ್ ಪಾಸ್‌ವರ್ಡ್‌ಗಳೆಲ್ಲವನ್ನೂ, ಹಳೆಯ ಲಾಗಿನ್‌ಗಳು ಸತ್ತುಹೋಗುವಂತೆ ಗುಪ್ತ ಕೀಲಿಗಳನ್ನೂ ಬದಲಿಸುತ್ತಾರೆ. ಎಚ್ಚರಿಕೆಯ ಫಲಕವೇನಾದರೂ ಬಿದ್ದಿದ್ದರೆ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಮರುಪರಿಶೀಲನೆ ಕೋರುತ್ತಾರೆ. ನಮ್ಮ ಕಥಾನಾಯಕರು ಇದಕ್ಕೆ ಬದಲಾಗಿ ಭದ್ರತೆಯ ಪ್ಲಗಿನ್‌ಗಳನ್ನು ಒಂದರ ಮೇಲೊಂದು ಹೇರಿ, ಹಳೆಯ ಪ್ಲಗಿನ್‌ಗಳನ್ನು ಡಿಲೀಟ್ ಮಾಡದೆ ಬರೀ ಡೀಆಕ್ಟಿವೇಟ್ ಮಾಡುತ್ತಾರೆ. ಹಾಗೆ ಮಾಡಿದರೂ ಅವುಗಳ ಕಡತಗಳು ಸರ್ವರಿನಲ್ಲೇ ಉಳಿದು, ದೋಷವಿದ್ದರೆ ದಾಳಿಗೆ ಒದಗಬಲ್ಲವು.

ವಾರ್ಷಿಕ ಮಹಾಸಭೆಯಲ್ಲಿ, ವರ್ಷದುದ್ದಕ್ಕೂ ಹಲವು ಬಾರಿ ನಿದ್ದೆಗೆಟ್ಟು ಜಾಲತಾಣವನ್ನು ಕಾಪಾಡಿದ್ದಕ್ಕಾಗಿ ಇವರಿಗೆ ಶಾಲು, ಹಾರ, ಮೈಸೂರು ಪೇಟ ಸಲ್ಲುತ್ತವೆ. ಪಕ್ಕದೂರಿನ ಸಂಘದಲ್ಲಿ ಸದ್ದಿಲ್ಲದೆ ಅಪ್‌ಡೇಟ್ ಮಾಡುತ್ತ, ಒಮ್ಮೆಯೂ ಸೋಂಕು ತಗುಲದಂತೆ ನೋಡಿಕೊಂಡವರಿಗೆ, “ಸುಮ್ಮನೆ ಕೂತವರಿಗೆ ಪಾಸ್‌ವರ್ಡ್ ಯಾಕೆ?” ಎಂಬ ಪ್ರಶ್ನೆ ಅದೇ ತಿಂಗಳ ಸಭೆಯಲ್ಲಿ ಎದುರಾಗಿರುತ್ತದೆ.